ಕುರಿ ಎಷ್ಟೆಂದು ಕೇಳಿದ ಮಳೆಗಾಲ

ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹೊರಗೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ದಾರಿಯಲ್ಲಿ ಹತ್ತಿದ ಹಿರಿಯರೊಬ್ಬರು ನೆನೆದ ಕಂಬಳಿಯನ್ನು ಹಾಗೆಯೇ ಹೊದ್ದುಕೊಂಡು ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಕ್ಷಣದಲ್ಲಿ ಇಡೀ ಬಸ್ಸು ಒದ್ದೆ ಉಣ್ಣೆಯ ವಾಸನೆಯಿಂದ ತುಂಬಿಹೋಯಿತು.

"ಯಜಮಾನ್ರ, ಕಂಬಳಿ ಮಡಚ್ರಿ. ಬಸ್ಸಿನಾಗ ಕುರಿ ಹತ್ತಿದಂಗ ಆಗೇತಿ," ಎಂದ ಕಂಡಕ್ಟರ್.

"ಕುರಿಗೂ ತಿಕೀಟ ಹರೀತಿ ಏನ್ ತಮ್ಮಾ?"

"ಹರೀತೀನಿ. ಎಷ್ಟು ಅದಾವ ಹೇಳ್ರಿ ನಿಮ್ಮವು."

ಬಸ್ಸು ನಕ್ಕಿತು. ಹಿರಿಯರೂ ನಕ್ಕರು. ಆದರೆ ಉತ್ತರ ಹೇಳಲಿಲ್ಲ. ಮಂಜು ಕವಿದ ಗಾಜನ್ನು ಅಂಗೈಯಿಂದ ಒರೆಸಿ ಹೊರಗೆ ನೋಡತೊಡಗಿದರು. ಆ ಪ್ರಶ್ನೆಗೆ ಅವರು ಉತ್ತರ ಹೇಳುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಾಗಲು ಏಳು ವರ್ಷಗಳ ಹಿಂದಿನ ಒಂದು ಇಡೀ ಮಳೆಗಾಲ ಬೇಕಾಗಿತ್ತು.

ಆ ವರ್ಷ ನಾನು ಗಣಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ವಿಶ್ವವಿದ್ಯಾಲಯದಿಂದ ಆಗಷ್ಟೇ ಮನೆಗೆ ಮರಳಿದ್ದೆ. ಜೂನ್ ಆರಂಭದ ಮಿರಗದ ಮಳೆ ಇನ್ನೂ ಬಿದ್ದಿರಲಿಲ್ಲ. ಸೋಲಾಪುರದ ವಿಜಾಪುರ ರಸ್ತೆಯಲ್ಲಿದ್ದ ಒಂದು ತರಬೇತಿ ತರಗತಿಗೆ ಸಹಾಯಕ ಶಿಕ್ಷಕಿಯಾಗಿ ಸೇರಿಕೊಂಡೆ. ಗಣಿತ ಮತ್ತು ವಿಜ್ಞಾನದ ಸ್ಪರ್ಧಾ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಗೊಳಿಸುವುದು ಅದರ ಕೆಲಸ. ವಾರದ ದಿನಗಳಲ್ಲಿ ಸೋಲಾಪುರ, ಭಾನುವಾರ ಅಕ್ಕಲಕೋಟ. ಅಕ್ಕಲಕೋಟದಲ್ಲಿ ಯಾತ್ರಿಕರ ಹಳೆಯ ವಸತಿಗೃಹವೊಂದರ ಮೂರು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದರು. ಹಳ್ಳಿಯ ಶಾಲೆಗಳಿಂದ ಆರಿಸಿದ ಮಕ್ಕಳಿಗೆ ಅಲ್ಲಿ ಶುಲ್ಕವಿರಲಿಲ್ಲ.

ಮೂರು ಕೋಣೆ, ಮೂರು ಹಂತ: ಪಾಯಾ, ಮಜಲಾ, ಶಿಖರ. ತಳಪಾಯ, ನಡುವಿನ ಅಂತಸ್ತು, ತುದಿ. ಹೆಸರಿಟ್ಟವರು ಕಟ್ಟಡವನ್ನು ಯೋಚಿಸಿದ್ದರೇ ಹೊರತು ಮಕ್ಕಳನ್ನಲ್ಲ. ಪಾಯಾದವರಿಗೆ ಬೂದು ಬಣ್ಣದ ಚೀಲ, ಮಜಲಾದವರಿಗೆ ನೀಲಿ, ಶಿಖರದವರಿಗೆ ಕೆಂಪು. ಆ ಚೀಲ ಬೆನ್ನಿಗೇರಿಸಿಕೊಂಡು ಮಗು ರಸ್ತೆಗಿಳಿದರೆ ಸಾಕು, ಚಹಾದಂಗಡಿಯವನಿಗೂ ಅದರ ಬುದ್ಧಿಯ ಅಂದಾಜು ಸಿಗುತ್ತಿತ್ತು. ಹದಿಮೂರರ ಮಗುವಿನ ಬೆನ್ನ ಮೇಲೆ ತೀರ್ಪನ್ನು ಬಣ್ಣವಾಗಿ ಬಳಿದು ಊರಲ್ಲಿ ತಿರುಗಿಸುವ ಈ ಏರ್ಪಾಟಿಗೆ ಯಾರೂ ನಾಚಿಕೊಂಡದ್ದನ್ನು ನಾನು ಕಾಣಲಿಲ್ಲ. ಅಕ್ಕಲಕೋಟದ ಕೋಣೆಗಳಲ್ಲೂ ಇದೇ ಶಿಷ್ಟಾಚಾರ. ಶಿಖರದವರಿಗೆ ಒಳಗಿನ, ಫ್ಯಾನು ತಿರುಗುವ ತಣ್ಣನೆಯ ಕೋಣೆ. ಪಾಯಾದವರಿಗೆ ಬಾಗಿಲ ಪಕ್ಕದ್ದು, ತಗಡಿನ ಚಪ್ಪರದ್ದು. ಮಳೆ ಬಂದರೆ ಅಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ.

ಹಂತಗಳನ್ನು ನಿರ್ಧರಿಸುವ ಹೊಣೆ ಸುಮಿತ್ರಾಬಾಯಿಯವರದಾಗಿತ್ತು. ಎಲ್ಲರಿಗೂ ಅವರು ಬರೀ 'ಬಾಯಿ'. ಐವತ್ತು ದಾಟಿದವರು, ಗಿಡ್ಡ, ಕನ್ನಡಕಕ್ಕೆ ಕಪ್ಪು ದಾರ. ಮರಾಠಿಯಲ್ಲಿ ಆರಂಭಿಸಿದ ವಾಕ್ಯವನ್ನು ಕನ್ನಡದಲ್ಲಿ ಮುಗಿಸುವುದು ಅವರ ಸಹಜ ರೂಢಿ. ಎಲ್ಲ ಶಿಕ್ಷಕರೂ ಮಗುವಿನ ಎದುರು ನಿಂತರೆ ಇವರು ಹಿಂದೆ ಕೂರುತ್ತಿದ್ದರು. ಮಗು ಲೆಕ್ಕ ಮಾಡುವಾಗ ಅದರ ಭುಜದ ಮೇಲಿಂದ ಪೆನ್ಸಿಲನ್ನು ಮಾತ್ರ ನೋಡುತ್ತಿದ್ದರು.

"ಎಲ್ಲಿ ತಪ್ಪಿತು ಅಂತ ನೋಡಬ್ಯಾಡವಾ," ಎಂದು ಮೊದಲ ವಾರವೇ ನನಗೆ ಹೇಳಿದರು. "ಎಲ್ಲಿ ನಿಂತಿತು ಅಂತ ನೋಡು. ನಿಂತು, ಸ್ವಲ್ಪ ಒದ್ದಾಡಿ, ತನ್ನಷ್ಟಕ್ಕ ತಾನ ಹೊರಗ ಬರ್ತೈತಲ್ಲ, ಅದ ಆ ಕೂಸಿನ ವರ್ಗ. ನಿಲ್ಲಲೇ ಇಲ್ಲಂದ್ರ ವರ್ಗ ಅದಕ್ಕ ಕೆಳಗೈತಿ. ನಿಂತದ್ದು ಏಳಲೇ ಇಲ್ಲಂದ್ರ ಮ್ಯಾಲೈತಿ. ಇಷ್ಟ."

ವಿಶ್ವವಿದ್ಯಾಲಯದಲ್ಲಿ ನಾನು ಮೌಲ್ಯಮಾಪನದ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೆ. ಇಷ್ಟು ನಿಚ್ಚಳವಾದ ಮಾತನ್ನು ಅವುಗಳಲ್ಲಿ ಕಂಡ ನೆನಪಿಲ್ಲ. ಸುಮಿತ್ರಾಬಾಯಿಯವರೂ ಅವೇ ಪುಸ್ತಕಗಳನ್ನು ಓದಿದ್ದರು. ಓದಿ, ಅರಗಿಸಿಕೊಂಡು, ಬೇಡದ್ದನ್ನು ಬಿಟ್ಟಿದ್ದರು.

ಪಾಲಕರು ಮಾತ್ರ ಚೀಲದ ಬಣ್ಣವನ್ನೇ ನಂಬಿದ್ದರು. ದಕ್ಷಿಣ ಸೋಲಾಪುರದ ದೊಡ್ಡ ಹಿಡುವಳಿಯ ರೈತರೊಬ್ಬರು ಮಗನನ್ನು ಮಜಲಾಕ್ಕೆ ಹಾಕಿದ್ದಕ್ಕೆ ಜೀಪಿನಲ್ಲಿ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದಿದ್ದರು.

"ಬಾಯಾರ, ನಮ್ಮ ಹುಡುಗಗ ಕೆಂಪ ಚೀಲಾನ ಬೇಕ್ರಿ. ನಮ್ಮ ಭಾವಕೀ, ದಾಯಾದಿ ಹುಡುಗಗ ಕೆಂಪ ಐತಿ."

"ಕೆಂಪ ಚೀಲ ಒಂದು ಒಯ್ರಿ," ಎಂದರು ಸುಮಿತ್ರಾಬಾಯಿ, ತಲೆಯೆತ್ತದೆ. "ಹುಡುಗನ್ನ ಮಜಲಾದಾಗ ಬಿಟ್ಟು ಹೋಗ್ರಿ. ಚೀಲ ಶಿಖರ ಕಲೀಲಿ, ಹುಡುಗ ಗಣಿತ ಕಲೀಲಿ."

ಜೊತೆಗೆ ಬಂದಿದ್ದ ನಾಲ್ವರೇ ಮೊದಲು ನಕ್ಕರು. ಹುಡುಗ ಮಜಲಾದಲ್ಲೇ ಉಳಿದ.

ಅಕ್ಕಲಕೋಟದ ಆಯ್ಕೆಯ ಭಾನುವಾರ ಮಾಯವ್ವ ಬಂದಳು. ಎಂಟನೆಯ ತರಗತಿ, ಗಡಿಯ ಕನ್ನಡ ಶಾಲೆಯ ಹುಡುಗಿ. ಕುರಿ ಸಾಕುವ ಮನೆತನ. ತಂದೆ ಬೀರಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಗೋಡೆಗೆ ಆತು ಕುಳಿತಿದ್ದರು. ಮಗಳನ್ನು ಅಕ್ಕಲಕೋಟದಲ್ಲಿ ತಂಗಿಯ ಮನೆಯಲ್ಲಿ ಇಟ್ಟು ಓದಿಸುತ್ತಿರುವುದಾಗಿಯೂ, ದಸರಾ ಮುಗಿದ ಮೇಲೆ ಹಿಂಡಿನೊಡನೆ ಭೀಮೆಯ ಕಡೆ ಇಳಿಯುವುದಾಗಿಯೂ ಅವರು ಮುಂಚೆಯೇ ಹೇಳಿಬಿಟ್ಟರು.

"ಏನರ ಹೊಸಾದು ಕಲ್ಯಾಕತ್ತಿದ್ಲಂದ್ರ ಇಲ್ಲೇ ಇರಲಿ, ಅಕ್ಕೋರ. ಗೊತ್ತಿದ್ದದ್ದ ಮತ್ತ ಮತ್ತ ಹೇಳ್ಸಾಕ ಇಟ್ಟಿದ್ದು ಅಂದ್ರ ದಸರಾಕ್ಕ ಕರಕೊಂಡ ಹೋಗ್ತೀನಿ. ಅವರವ್ವಗ ಕೈ ಕಡಿಮಿ ಬೀಳಾಕತ್ತಾವ."

ಅವರ ಮಾತಿನಲ್ಲಿ ಗದರಿಕೆಯಿರಲಿಲ್ಲ. ನ್ಯಾಯವಿತ್ತು. ಹುಡುಗಿ ಇಲ್ಲಿ ಉಳಿಯುತ್ತಾಳೋ, ಶಾಲೆಯನ್ನು ಬಿಟ್ಟು ಹಿಂಡಿನ ಹಿಂದೆ ಹೋಗುತ್ತಾಳೋ ಎಂಬುದು ನಾವು ಅವಳನ್ನು ಯಾವ ಕೋಣೆಯಲ್ಲಿ ಕೂರಿಸುತ್ತೇವೆ ಎಂಬುದರ ಮೇಲೆ ನಿಂತಿತ್ತು.

ಬರವಣಿಗೆಯ ಪರೀಕ್ಷೆಯಲ್ಲಿ ಅವಳದು ನಡುವಿನ ಅಂಕ: ಉತ್ತರಗಳು ಸರಿ, ಲೆಕ್ಕ ಬಿಡಿಸಿದ ಹಂತಗಳು ಇಲ್ಲ. ಅಂಥ ಮಕ್ಕಳನ್ನು ಸುಮಿತ್ರಾಬಾಯಿ ಮಾತಿನ ಪರೀಕ್ಷೆಗೆ ಕರೆಯುತ್ತಿದ್ದರು. ಹಳ್ಳಿಯ ಮಕ್ಕಳು ಹೆದರಬಾರದೆಂದು ಅವರವರ ಮನೆಯ ಸಂಗತಿಯನ್ನೇ ಪ್ರಶ್ನೆಯಾಗಿ ಕಟ್ಟುವುದು ಅವರ ಪದ್ಧತಿ. ನೇಕಾರರ ಮಗನಿಗೆ ಚಾದರದ ಪಟ್ಟಿ, ರೈತರ ಮಗಳಿಗೆ ತೊಗರಿಯ ಸಾಲು. ಮಾಯವ್ವನಿಗೆ ಸಹಜವಾಗಿಯೇ ಕುರಿ.

"ನಿಮ್ಮ ಹಟ್ಟಿಯಾಗ ಕುರಿ ಅದಾವಲ್ಲವಾ? ಮೂರು ಮೂರು ಸಾಲು ಹಚ್ಚಿದ್ರ ಎರಡು ಉಳೀತಾವ ಅಂತ ತಿಳಿ. ಐದೈದು ಹಚ್ಚಿದ್ರ ಮೂರು ಉಳೀತಾವ. ಏಳೇಳು ಹಚ್ಚಿದ್ರ ಮತ್ತ ಎರಡ ಉಳೀತಾವ. ಹಂಗಾರ ನಿಮ್ಮ ಕುರಿ ಎಷ್ಟು?"

ಹುಡುಗಿ ತಂದೆಯ ಕಡೆ ನೋಡಿದಳು. ತಂದೆ ನೆಲ ನೋಡಿದರು.

"ಹೇಳವಾ, ಎಷ್ಟು?"

"ಭಾಳ ಅದಾವ್ರಿ."

"ಭಾಳ ಅಂದ್ರ ಎಷ್ಟು?"

"ಭಾಳ್ರಿ."

ಹಿಂದೆ ಸಾಲಾಗಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಸುಮಿತ್ರಾಬಾಯಿ ಮೂರನೆಯ ಸಲ ನಿಧಾನವಾಗಿ, ಸಂಖ್ಯೆಗಳನ್ನು ಬೆರಳಿನಲ್ಲಿ ತೋರಿಸಿ ಕೇಳಿದರು. ಹುಡುಗಿ ಲಂಗದ ಅಂಚನ್ನು ಹಿಡಿದು ಬಾಯಿ ಬಿಗಿದು ನಿಂತಳು. ಪಾಯಾ ಎಂದು ನಿರ್ಧಾರವಾಯಿತು. ಬೂದು ಚೀಲ ಅವಳ ಕೈಗೆ ಬಂತು. ಬೀರಪ್ಪ ಏನನ್ನೋ ಹೇಳಲು ಬಾಯಿ ತೆರೆದು, ಸುತ್ತ ನೆರೆದವರನ್ನು ನೋಡಿ, ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ಎದ್ದುಹೋದರು.

ಮಳೆ ಹಿಡಿಯಿತು. ಪಾಯಾದ ಗಣಿತ ಮತ್ತು ವಿಜ್ಞಾನ ಎರಡೂ ನನ್ನವು. ತಗಡಿನ ಮೇಲೆ ಮಳೆ ಸುರಿಯುವಾಗ ನಾನು ಪಾಠವನ್ನು ಹಲಗೆಯ ಮೇಲೆ ಬರೆದು ನಿಲ್ಲುತ್ತಿದ್ದೆ. ಮಾಯವ್ವ ಕಂಬಳಿಯನ್ನು ಕೊಪ್ಪೆಯಂತೆ ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಬರುವಳು, ಅದನ್ನು ಬಾಗಿಲ ಮೊಳೆಗೆ ತೂಗುಹಾಕಿ ಹಿಂದಿನ ಸಾಲಿನಲ್ಲಿ ಕೂರುವಳು. ಕೋಣೆಗೆಲ್ಲ ಆ ಒದ್ದೆ ಉಣ್ಣೆಯ ವಾಸನೆ. "ಮಾಯಿ ಬಂದ್ಲು, ಮೂಗ ಮುಚ್ಚ್ರಿ," ಎಂದು ಹುಡುಗರು ರೇಗಿಸಿದರೆ, "ಮುಚ್ಚಗೊಂಡ ಕುಂದ್ರು. ನಿನ್ನ ಮೂಗಿನಾಗಿಂದು ನಾವೂ ನೋಡೂದು ತಪ್ಪತೈತಿ," ಎಂದು ತಿರುಗಿ ಹೇಳುವಷ್ಟು ನಾಲಗೆ ಅವಳಿಗಿತ್ತು. ಲೆಕ್ಕ ಕೊಟ್ಟರೆ ಮಾತ್ರ ಮೌನ. ಉಳಿದವರು ಹಲಗೆಯನ್ನು ಬರೆದುಕೊಳ್ಳುವಷ್ಟರಲ್ಲಿ ಉತ್ತರವೊಂದನ್ನೇ ಬರೆದಿಟ್ಟು, ಬಾಗಿಲಾಚೆ ಮಳೆ ನೋಡುತ್ತಿದ್ದಳು. ಯಾರೂ ಕೇಳದಿದ್ದರೆ ಹೇಳುತ್ತಿರಲಿಲ್ಲ. ಪಕ್ಕದ ಹುಡುಗಿಯ ತಪ್ಪನ್ನು ಬೆರಳ ತುದಿಯಿಂದ ತೋರಿಸಿ ಸುಮ್ಮನಾಗುತ್ತಿದ್ದಳು.

ಮೂರು ಭಾನುವಾರ ನೋಡಿದ ಮೇಲೆ ನಾನು ಸುಮಿತ್ರಾಬಾಯಿಗೆ ಹೇಳಿದೆ: ಈ ಹುಡುಗಿ ಪಾಯಾದವಳಲ್ಲ. ಅವರು ವಾದಿಸಲಿಲ್ಲ, ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಲಿಲ್ಲ. ಮುಂದಿನ ಭಾನುವಾರ ಸುರಿವ ಮಳೆಯಲ್ಲಿ ಸೀರೆಯ ನೆರಿಗೆ ಮೊಣಕಾಲವರೆಗೆ ನೆನೆಸಿಕೊಂಡು ಪಾಯಾದ ಕೋಣೆಗೆ ಬಂದು, ಮಾಯವ್ವನ ಹಿಂದೆ ನೆಲದ ಮೇಲೆ ಕುಳಿತರು. ಪಾಯಾದ ಲೆಕ್ಕ ಕೊಡಲು ಹೇಳಿದರು. ಪೆನ್ಸಿಲು ನಿಲ್ಲಲಿಲ್ಲ. ಮಜಲಾದ್ದು ಕೊಡಲು ಹೇಳಿದರು. ನಿಲ್ಲಲಿಲ್ಲ. ಆಮೇಲೆ ಮುಂದೆ ಬಂದು ಕುಳಿತು, ಬೇರೆಯದೇ ಮಾತು ತೆಗೆದರು.

"ನಮ್ಮ ಮನ್ಯಾಗ ಜ್ವಾಳದ ಕಡಕ್ ಭಾಕರಿ ಮಾಡಿ ಒಣಾ ಹಾಕೀವಿ. ಮೂರು ಮೂರು ಕಟ್ಟಿದ್ರ ಎರಡು ಉಳೀತಾವ. ಐದೈದು ಕಟ್ಟಿದ್ರ ಮೂರು. ಏಳೇಳು ಕಟ್ಟಿದ್ರ ಎರಡು. ಎಷ್ಟು ಭಾಕರಿ?"

ಹುಡುಗಿ ಕಣ್ಣು ಮುಚ್ಚಿ ತೆರೆದಳು. "ಇಪ್ಪತ್ಮೂರ್ರಿ."

ಸುಮಿತ್ರಾಬಾಯಿ ಕನ್ನಡಕ ತೆಗೆದರು.

"ನಿಮ್ಮ ಮನ್ಯಾಗ ಮಂದಿ ಭಾಳ ಇದ್ರ ನೂರಾ ಇಪ್ಪತ್ತೆಂಟೂ ಆಗ್ತಾವ್ರಿ," ಎಂದು ಹುಡುಗಿ ಮುಂದುವರಿಸಿದಳು. "ಅದರ ಮುಂದೂ ಅದಾವು. ನೂರಾ ಐದು ಕೂಡಿಸ್ಕೋತ ಹೋದ್ರಾತು."

"ಮತ್ತ ಅವತ್ತ ಇದ ಲೆಕ್ಕ ಕೇಳಿದ್ನಲ್ಲವಾ. ಯಾಕ ಹೇಳಲಿಲ್ಲ?"

"ಅವತ್ತ ನೀವು ಕುರಿ ಕೇಳಿದ್ರಿ."

"ಕುರಿ ಆದ್ರೇನು?"

ಹುಡುಗಿ ನಮ್ಮಿಬ್ಬರನ್ನೂ ನೋಡಿದ ಬಗೆ ಇಂದಿಗೂ ನೆನಪಿದೆ. ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಅಚ್ಚರಿ ಅದು, ಹೀಯಾಳಿಕೆ ಅಲ್ಲ. "ಮನೀ ಕುರಿ ಎಣಿಸಿ ಹೊರಗಿನವರ ಮುಂದ ಹೇಳಬಾರದ್ರಿ. ದಿಟ್ಟಿ ಆಗ್ತೈತಿ. ಹಂಗ ಹೇಳಿದ ವರ್ಷ ನಮ್ಮ ಕಾಕಾನ ಮರೀಗೆ ಬ್ಯಾನಿ ಬಂದಿತ್ತು. ಅದೂ ಅಪ್ಪ ಅಲ್ಲೇ ಕುಂತಿದ್ದ."

"ಅದು ಖರೇ ಕುರಿ ಅಲ್ಲವಾ. ಲೆಕ್ಕದ ಕುರಿ."

"ನೀವು 'ನಿಮ್ಮ ಹಟ್ಟಿಯಾಗ' ಅಂದ್ರಲ್ಲರಿ."

ಮಳೆ ತಗಡನ್ನು ಬಡಿಯುತ್ತಿತ್ತು. ಸುಮಿತ್ರಾಬಾಯಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಕೀಗೆ ಸೋಪಾ ಆಗಲಿ, ಹಗುರ ಆಗಲಿ ಅಂತ ಕುರಿ ಹಾಕಿದೆ," ಎಂದರು. "ಅಕೀ ಬಾಯಿಗೆ ನಾನ ಬೀಗ ಹಾಕಿದಂಗಾತು."

ದೃಷ್ಟಿಯಾಗುವುದನ್ನು ನಾನು ನಂಬುವುದಿಲ್ಲ. ಸುಮಿತ್ರಾಬಾಯಿಯೂ ನಂಬುತ್ತಿರಲಿಲ್ಲ. ಆದರೆ ಮಗುವಿನ ಮನೆಯನ್ನು ಪ್ರಶ್ನೆಯೊಳಗೆ ಎಳೆತಂದ ಮೇಲೆ ಆ ಮನೆಯ ಕಟ್ಟಳೆಯೂ ಒಳಗೆ ಬರುತ್ತದೆ. ಹಳ್ಳಿಯ ಬದುಕನ್ನು ಒಂದು ಉದಾಹರಣೆಯಾಗಿ ಮಾತ್ರ ಬಲ್ಲ ನಮ್ಮಂಥವರು ದಯೆಯಿಂದಲೇ ಪ್ರಶ್ನೆ ಕಟ್ಟುತ್ತೇವೆ, ದಯೆಯಿಂದಲೇ ತಪ್ಪು ಕೋಣೆಯಲ್ಲಿ ಕೂರಿಸುತ್ತೇವೆ. ತಪ್ಪು ಉತ್ತರ ಬರೆದ ಮಗು ಅಂಕ ಕಳೆದುಕೊಳ್ಳುತ್ತದೆ. ತಪ್ಪು ಪ್ರಶ್ನೆ ಕೇಳಿದವರು ಏನನ್ನು ಕಳೆದುಕೊಳ್ಳುತ್ತಾರೆ? ನಮ್ಮ ಊರುಗಳ ತರಬೇತಿ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಏಕೆಂದರೆ ಕೇಳಬೇಕಾದವರು ಬೂದು ಚೀಲ ಹೊತ್ತು ಹೊರಗೆ ನಡೆದುಬಿಟ್ಟಿರುತ್ತಾರೆ.

ಸುಮಿತ್ರಾಬಾಯಿ ಕೇಳಿದರು. ತಮ್ಮನ್ನೇ ಕೇಳಿಕೊಂಡರು. ನಾನು ಅವರನ್ನು ಮೆಚ್ಚಿದ್ದು ಅಲ್ಲಿಂದ.

ವಿಜಾಪುರ ರಸ್ತೆಯ ಕಚೇರಿಯಲ್ಲಿ ಸಂಚಾಲಕರಿಗೆ ವಿಷಯ ತಿಳಿದಾಗ ಅವರು ಕುರ್ಚಿಯಿಂದಲೇ ಎದ್ದುನಿಂತರು. ತರಗತಿಯನ್ನು ಶೂನ್ಯದಿಂದ ಕಟ್ಟಿದ ಚುರುಕು ಮನುಷ್ಯ. ಜಾಹೀರಾತು ಅವರಿಗೆ ಉಸಿರಿನಷ್ಟು ಸಹಜ. "ನಾಳೆನ ಶಿಖರಕ್ಕ ಹಾಕ್ರಿ. ಎರಡೂ ವಿಷಯಕ್ಕ. ಹೆಗಲ ಮ್ಯಾಲ ಕಂಬಳಿ, ಬೆನ್ನ ಮ್ಯಾಲ ಕೆಂಪ ಚೀಲ, ಒಂದು ಫೋಟೋ ತಗಸ್ತೀನಿ. ರಸ್ತಾದ ಆ ತುದೀಗೆ ಕಾಣೂವಂಥ ಬೋರ್ಡ್!"

"ಗಣಿತಕ್ಕ ಶಿಖರದಾಗ ಕೂಡಿಸಿ ನೋಡ್ತೀನಿ," ಎಂದರು ಸುಮಿತ್ರಾಬಾಯಿ. "ವಿಜ್ಞಾನಕ್ಕ ಅಕೀ ಪಾಯಾದಾಗ ಇರಬೇಕೋ ಏನೋ, ಇನ್ನೂ ನೋಡಬೇಕು."

"ಒಂದ ಹುಡುಗಿ ಎರಡು ವರ್ಗ? ಬಾಯೀ, ಹೇ ಜಮಣಾರ ನಾಹೀ, ಇದು ಆಗೂದಲ್ಲ. ಎರಡು ಚೀಲ ಹೊರಸ್ತೀರೇನು?"

"ಚೀಲಾನ ಬ್ಯಾಡ. ಮನಿಯಿಂದ ಅರಿವಿ ಚೀಲ ತರ್ತಾಳ."

"ಮತ್ತ ಮಂದಿ ಏನ್ ತಿಳ್ಕೋಬೇಕು?"

"ಹುಡುಗಿ ಕಲ್ಯಾಕ ಹೊಂಟಾಳ ಅಂತ ತಿಳ್ಕೋತಾರ."

ಸಂಚಾಲಕರು ಒಪ್ಪಲಿಲ್ಲ, ತಡೆಯಲೂ ಇಲ್ಲ. ಸುಮಿತ್ರಾಬಾಯಿ ಇಲ್ಲದ ತರಗತಿ ಎಷ್ಟು ದಿನ ನಡೆದೀತು ಎಂಬ ಲೆಕ್ಕ ಅವರಿಗೂ ಬರುತ್ತಿತ್ತು. ಫೋಟೋ ಮಾತ್ರ ತೆಗೆಯಬಾರದೆಂದು ಬಾಯಿ ಪಟ್ಟು ಹಿಡಿದರು. "ಅಕೀನ ಬೋರ್ಡಿಗೆ ಏರಿಸಿದ್ರ ಇಳಿಯಾಕ ನಿಚ್ಚಣಿಕಿ ಯಾರು ಇಡ್ತೀರಿ?"

ಶಿಖರದ ಗಣಿತದಲ್ಲಿ ಮಾಯವ್ವನ ಪೆನ್ಸಿಲು ಮೊದಲ ಬಾರಿಗೆ ನಿಂತಿತು. ರೇಖಾಗಣಿತದ ಒಂದು ಪ್ರಮೇಯ ಸಾಧಿಸಬೇಕಿತ್ತು, ವೃತ್ತದೊಳಗೆ ಚೌಕ. ಅವಳು ಹಣೆ ಒರೆಸಿಕೊಂಡಳು, ಮೂಗಿನ ತುದಿ ಕೆಂಪಾಯಿತು, ಕೊನೆಗೆ ಎದ್ದು ಹೋಗಿ ನೀರು ಕುಡಿದು ಬಂದಳು. ಪಾಯಾ ಮುಗಿಸಿ ನೋಡಲು ಬಂದಿದ್ದ ನನ್ನನ್ನು ಹಿಂದೆ ಕುಳಿತಿದ್ದ ಸುಮಿತ್ರಾಬಾಯಿ ತಡೆದರು: "ಹೇಳಬ್ಯಾಡ, ತಾಳು." ತರಗತಿ ಮುಗಿಯುವ ಮುನ್ನ ಅವಳೊಂದು ಗೆರೆ ಎಳೆದಳು. ಅಲ್ಲಿಂದ ದಾರಿ ತೆರೆಯಿತು. ಬಾಯಿಯವರ ಮುಖದ ಆ ಹೊತ್ತಿನ ಬೆಳಕನ್ನು ನಾನು ಬೇರೆ ಯಾವ ಶಿಕ್ಷಕರ ಮುಖದಲ್ಲೂ ಕಂಡಿಲ್ಲ.

ವಿಜ್ಞಾನದಲ್ಲಿ ಕಥೆ ಬೇರೆಯಾಯಿತು. ಶಿಖರದ ಕೋಣೆಯಲ್ಲಿ ಉಷ್ಣದ ಸೂತ್ರಗಳು ಹಲಗೆ ತುಂಬ ಸಾಗಿದ್ದವು. ಹುಡುಗಿ ಅವನ್ನು ಅಂದವಾಗಿ ಬರೆದುಕೊಂಡಳು. ಪೆನ್ಸಿಲು ನಿಂತಿತು, ಮತ್ತೆ ಏಳಲಿಲ್ಲ. ಅವಳ ಶಾಲೆಯಲ್ಲಿ ಪ್ರಯೋಗದ ಕಪಾಟಿಗೆ ಬೀಗವಿತ್ತು. ಉಷ್ಣತಾಮಾಪಕವನ್ನು ಅವಳು ಚಿತ್ರದಲ್ಲಿ ಮಾತ್ರ ನೋಡಿದ್ದಳು. ವ್ಯಾಖ್ಯೆಗಳು ಬಾಯಿಗೆ ಬರುತ್ತಿದ್ದವು, ಬುಡ ಇರಲಿಲ್ಲ. ಅದು ಅವಳ ದೋಷವಲ್ಲ. ಆ ಬೀಗದ ಕೈ ಯಾರ ಬಳಿ ಇತ್ತೋ, ಅದನ್ನು ತೆರೆಯಿಸಬೇಕಾದ ಹುದ್ದೆಯಲ್ಲಿ ಯಾರು ಕುಳಿತಿದ್ದರೋ, ಅವರ ದೋಷ. ಅವರು ಯಾವ ಪರೀಕ್ಷೆಗೂ ಕೂರಬೇಕಾಗಿಲ್ಲ ಎಂಬುದೇ ನನ್ನ ತಕರಾರು.

ಮರುವಾರ ಸುಮಿತ್ರಾಬಾಯಿ ಪಾಯಾದ ಕೋಣೆಗೆ ದೇವಸ್ಥಾನದ ಬಳಿಯ ಸರಬತ್ತಿನ ಗಾಡಿಯಿಂದ ಎರಡು ತುಂಡು ಮಂಜುಗಡ್ಡೆ ತರಿಸಿದರು, ನಮ್ಮ ಕಡೆಯ ಬರ್ಫ. ಒಂದನ್ನು ಬರೀ ತಟ್ಟೆಯಲ್ಲಿಟ್ಟರು. ಇನ್ನೊಂದನ್ನು ಇನ್ನೊಂದು ತಟ್ಟೆಯಲ್ಲಿಟ್ಟು, ಮಾಯವ್ವನ ಕಂಬಳಿಯ ಒಣಗಿದ ಮಡಿಕೆಯಿಂದ ಬಿಗಿಯಾಗಿ ಸುತ್ತಿಸಿದರು.

"ಯಾವುದು ಮೊದಲ ಕರಗತೈತಿ?"

"ಕಂಬಳ್ಯಾಗಿಂದು!" ಎಂದು ಕೋಣೆಗೆ ಕೋಣೆಯೇ ಕೂಗಿತು. ಎಲ್ಲರಿಗಿಂತ ಜೋರಾಗಿ ಮಾಯವ್ವ: "ಕಂಬಳಿ ಬೆಚ್ಚಗ ಇರ್ತೈತ್ರಿ. ನಾ ಹೊತ್ಕೊಂಡೀನಿ, ನನಗ ಗೊತ್ತಿಲ್ಲೇನು?"

ಪಾಠ ಮುಗಿಯುವಷ್ಟರಲ್ಲಿ ತಟ್ಟೆಯ ಬರ್ಫ ನೀರಾಗಿತ್ತು. ಬಾಯಿ ಕಂಬಳಿ ಬಿಚ್ಚಲು ಅವಳಿಗೇ ಹೇಳಿದರು. ಒಳಗೆ ಅದು ಅಂಚುಗಳನ್ನು ಸ್ವಲ್ಪ ಮಾತ್ರ ಕಳೆದುಕೊಂಡು ಗಟ್ಟಿಯಾಗಿ ಕುಳಿತಿತ್ತು. ಹುಡುಗಿ ಅದನ್ನು ನೋಡಿದಳು. ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿದಳು. ಮತ್ತೆ ಬರ್ಫ ನೋಡಿದಳು. ಹುಟ್ಟಿದಂದಿನಿಂದ ಹೊದ್ದುಕೊಂಡ ಕಂಬಳಿ ತನಗೆ ಸುಳ್ಳು ಹೇಳಿತೇ ಎಂಬಂತೆ ಅವಳ ಮುಖ ಕದಡಿತ್ತು. "ಯಾಕ್ರಿ?" ಎಂದಳು. ಆ ಮಳೆಗಾಲದಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. "ನೀನ ಹುಡುಕು," ಎಂದರು ಬಾಯಿ ಅವಳಿಗೆ. "ಇಕೀ ವಿಜ್ಞಾನದ ವರ್ಗ ಇದ," ಎಂದು ನನ್ನ ಕಿವಿಯಲ್ಲಿ ಹೇಳಿ ಹೊರಟುಹೋದರು.

ಉತ್ತರಿ ಮಳೆ ಮುಗಿದು ಹಸ್ತದ ಮಳೆ ಹಿಡಿದಿತ್ತು. ಹೊಲಗಳಲ್ಲಿ ತೊಗರಿ ಸೊಂಟದೆತ್ತರಕ್ಕೆ ಬಂದಿತ್ತು. ದಸರಾಕ್ಕೆ ಮುಂಚಿನ ಭಾನುವಾರ ಅಕ್ಕಲಕೋಟದಲ್ಲಿ ಪಾಲಕರ ಸಭೆ. ಸಂಚಾಲಕರು ಸೋಲಾಪುರದಿಂದ ಬಂದು, ಫಲಿತಾಂಶಗಳ ಬಗ್ಗೆ ಉತ್ಸಾಹದಿಂದ ಮಾತಾಡಿ ಕುಳಿತರು. ಬೀರಪ್ಪ ಹಿಂದಿನ ಗೋಡೆಗೆ ಆತು ಕುಳಿತಿದ್ದರು. ಹೊರಡುವ ಸಿದ್ಧತೆ ಮುಗಿದಿದೆ ಎಂದು ಬಂದೊಡನೆ ನನಗೆ ತಿಳಿಸಿದ್ದರು. ಬೂದು ಚೀಲದ ದಿನದಿಂದ ಅವರ ಮನಸ್ಸು ಅರ್ಧ ತೀರ್ಮಾನಿಸಿಬಿಟ್ಟಿತ್ತು.

ಸುಮಿತ್ರಾಬಾಯಿ ಎದ್ದುನಿಂತರು. ಮಾಯವ್ವನನ್ನು ಮುಂದೆ ಕರೆಯಲಿಲ್ಲ. ತಾವೇ ಮುಂದೆ ಬಂದರು.

"ಜೂನಿನಾಗ ಒಂದು ಹುಡುಗೀನ ನಾನು ತಪ್ಪು ವರ್ಗದಾಗ ಕೂಡ್ಸಿದೆ. ಹುಡುಗಿ ತಪ್ಪಿರಲಿಲ್ಲ. ನನ್ನ ಪ್ರಶ್ನಿ ತಪ್ಪಿತ್ತು. ಎಲ್ಲಾರ ಮುಂದ ಪಾಯಾ ಅಂದಿದ್ದೆ, ಅದಕ್ಕ ಎಲ್ಲಾರ ಮುಂದ ಹೇಳಾಕತ್ತೀನಿ. ನಿಮ್ಮ ಮಕ್ಕಳದ್ದೂ ಹಿಂಗ ಆಗಿರಬಹುದು. ಅನುಮಾನ ಇದ್ದವರು ಬರ್ರಿ, ಮತ್ತೊಮ್ಮೆ ನೋಡ್ತೀನಿ. ಇನ್ನ ಮ್ಯಾಲ ಯಾವ ಕೂಸಿಗೂ ಮನೀ ಸಂಗತಿ ಕೇಳೂ ಮದಲ ಮನಿಯವರನ್ನ ಕೇಳ್ತೀನಿ."

ಸಂಚಾಲಕರು ಗಡಿಯಾರ ನೋಡಿಕೊಂಡರು. ಓದಿದವರು ತಪ್ಪನ್ನು ಒಪ್ಪಿಕೊಳ್ಳುವುದನ್ನು ನಾನು ಕೇಳಿದ್ದೇನೆ. 'ಲೋಪವಾಗಿದೆ' ಎನ್ನುತ್ತಾರೆ, 'ಗಮನಕ್ಕೆ ಬಂದಿದೆ' ಎನ್ನುತ್ತಾರೆ, ಕರ್ತೃವೇ ಇಲ್ಲದ ವಾಕ್ಯಗಳು. ಇಲ್ಲಿ 'ನಾನು' ಎಂಬ ಪದ ನಡುಕೋಣೆಯಲ್ಲಿ ಬರಿಗಾಲಲ್ಲಿ ನಿಂತಿತ್ತು.

ಬೀರಪ್ಪ ಕುಳಿತಲ್ಲಿಂದಲೇ ಕೇಳಿದರು: "ಬಾಯಾರ, ಈಗ ಎಲ್ಲಿ ಕೂಡಿಸೀರಿ?"

"ಗಣಿತಕ್ಕ ಶಿಖರದಾಗ. ವಿಜ್ಞಾನಕ್ಕ ಪಾಯಾದಾಗ."

"ಒಂದರಾಗ ಮ್ಯಾಲ, ಒಂದರಾಗ ಕೆಳಗ. ಹಂಗಾರ ಇಕಿ ಶಾಣ್ಯಾಕಿನೋ ದಡ್ಡಿನೋ? ಒಂದ ಹೇಳ್ರಿ."

ಕೆಲವರು ನಕ್ಕರು. ಸುಮಿತ್ರಾಬಾಯಿ ನಗಲಿಲ್ಲ. "ನಿಮ್ಮ ಮರಿಗೋಳ ಹಾಲು ಯಾವಾಗ ಬಿಡಿಸ್ತೀರಿ?"

"ಅದು ಮರಿ ನೋಡಿ ಬಿಡಸೂದ್ರಿ. ಒಂದು ಲಗೂನ ಮೇವಿಗೆ ಬಾಯಿ ಹಾಕತೈತಿ. ಒಂದಕ್ಕ ತಡ ಆಗತೈತಿ."

"ತಡ ಆದದ್ದು ಕೆಟ್ಟ ಮರೀ ಏನು?"

ಬೀರಪ್ಪ ಕಂಬಳಿಯ ಅಂಚನ್ನು ಬೆರಳುಗಳ ನಡುವೆ ತಿಕ್ಕುತ್ತ ಕುಳಿತರು. ಆಮೇಲೆ ಮಗಳ ಕಡೆ ತಿರುಗಿದರು. "ನೀನ ಹೇಳವಾ. ಬರ್ತೀಯೋ, ಇರ್ತೀಯೋ? ನಿಮ್ಮವ್ವ ಗಂಟು ಕಟ್ಟ್ಯಾಳ."

ಗಣಿತದ ಹೆಸರು ಹೇಳುತ್ತಾಳೆ, ಶಿಖರದ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ.

"ಗಣಿತ ನಾ ಕುರಿ ಹಿಂದ ಹೋದ್ರೂ ಮಾಡ್ತೀನಪ್ಪಾ," ಎಂದಳು ಮಾಯವ್ವ. "ಆ ಬರ್ಫ ಯಾಕ ಕರಗಲಿಲ್ಲ ಅನ್ನೂದು ಇನ್ನೂ ಪೂರಾ ತಿಳಿದಿಲ್ಲ. ಅದು ಇಲ್ಲೇ ತಿಳೀಬೇಕು. ಇರ್ತೀನಿ."

"ಯಾವ ಬರ್ಫ?"

"ಕಂಬಳ್ಯಾಗಿಂದು."

"ಕಂಬಳ್ಯಾಗ ಬರ್ಫ ಕರಗಂಗಿಲ್ಲಾ?" ಬೀರಪ್ಪ ತಮ್ಮ ಹೆಗಲನ್ನೇ ಮೊದಲ ಸಲ ಕಂಡವರಂತೆ ನೋಡಿಕೊಂಡರು. "ಆತು. ತಿಳಕೊಂಡು ನನಗೂ ಹೇಳು. ನಾ ದೀಪಾವಳಿಗೆ ಒಮ್ಮೆ ಬಂದು ಹೋಗ್ತೀನಿ."

ಹುಡುಗಿ ಉಳಿದದ್ದು ತುದಿಯ ಕೋಣೆಗಾಗಿ ಅಲ್ಲ, ತಗಡಿನ ಚಪ್ಪರದ ಕೋಣೆಗಾಗಿ. ಸಂಚಾಲಕರ ಮುಖ ನೋಡುವಂತಿತ್ತು.

ಸಭೆ ಚದುರಿತು. ಬೀರಪ್ಪ ಚಪ್ಪಲಿ ಮೆಟ್ಟಿದವರು ಮತ್ತೆ ಬಿಟ್ಟು ಒಳಗೆ ಬಂದರು. ಸುಮಿತ್ರಾಬಾಯಿ ಹಲಗೆ ಒರೆಸುತ್ತಿದ್ದರು. ಅವರ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಒಂದೇ ಮಾತು ಹೇಳಿದರು. ಬಾಯಿಯವರ ಕೈ ಹಲಗೆಯ ಮೇಲೆ ನಿಂತುಬಿಟ್ಟಿತು. ಬೀರಪ್ಪ ಹೊರಟುಹೋದ ಮೇಲೂ ಅವರು ಹಾಗೆಯೇ ನಿಂತಿದ್ದರು.

"ಏನ್ ಹೇಳಿದ್ರು ಬಾಯೀ?"

"ಅವತ್ತಿನ ಪ್ರಶ್ನಿಗೆ ಉತ್ತರ ಕೊಟ್ಟ ಹೋದ್ರು," ಎಂದರು ಸುಮಿತ್ರಾಬಾಯಿ. ಕಣ್ಣು ತುಂಬಿತ್ತು. "ಎಷ್ಟು ಅಂತ."

ಹೊರಗಿನವರಿಗೆ ಹೇಳಬಾರದ್ದನ್ನು ಆ ಮನುಷ್ಯ ಅವರಿಗೆ ಹೇಳಿದ್ದರು. ನನಗೆ ತಿಳಿದಂತೆ ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪದಕ ಇಲ್ಲ.

ಮಾಯವ್ವ ಆ ಚಳಿಗಾಲದ ಗಣಿತ ಸ್ಪರ್ಧೆಯಲ್ಲಿ ಒಂದು ಸುತ್ತು ದಾಟಿದಳು, ಎರಡನೆಯದರಲ್ಲಿ ಹೊರಬಿದ್ದಳು. ಯಾರ ಬೋರ್ಡಿಗೂ ಅವಳು ಏರಲಿಲ್ಲ. ಈಗ ಸೋಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಉಷ್ಣವೇ ಅವಳ ಹುಚ್ಚು.

ಬಸ್ಸು ಸೋಲಾಪುರ ಮುಟ್ಟಿತು. ಕಂಬಳಿಯ ಹಿರಿಯರು ನಿಲ್ದಾಣದಲ್ಲಿ ಇಳಿದುಹೋದರು. ನಾನು ಆಟೋ ಹಿಡಿದು ವಿಜಾಪುರ ರಸ್ತೆಗೆ ಬಂದೆ. ಅಲ್ಲಿ ಹೊಸ ತರಗತಿಯೊಂದು ತನ್ನ ಹಂತ ನಿರ್ಣಯದ ಪರೀಕ್ಷೆಯನ್ನು ರೂಪಿಸಲು ನನ್ನನ್ನು ಕರೆದಿದೆ. ಒಪ್ಪಿಕೊಳ್ಳುತ್ತೇನೆ, ಒಂದು ಷರತ್ತಿನ ಮೇಲೆ. ಯಾವ ಮಗು ಯಾವ ಹಂತದಲ್ಲಿದೆ ಎಂದು ಹಲಗೆಯಲ್ಲಿ ಬರೆಯುವುದಾದರೆ, ಅದನ್ನು ಅಲ್ಲಿ ಕೂರಿಸಿದವರು ಯಾರೆಂದೂ ಪಕ್ಕದಲ್ಲೇ ಬರೆಯಬೇಕು, ಅಷ್ಟೇ ದೊಡ್ಡ ಅಕ್ಷರಗಳಲ್ಲಿ. ಮಗುವಿನ ಹೆಸರು ಬಯಲಿಗೆ ಬರುವುದಾದರೆ ನಮ್ಮದೂ ಬರಲಿ. ಮಗುವಿಗೆ ಮರುಪರೀಕ್ಷೆ ಇರುವುದಾ‌ದರೆ ನಮ್ಮ ಪ್ರಶ್ನೆಗಳಿಗೂ ಇರಲಿ. ಇದನ್ನು ಒಪ್ಪದ ತರಗತಿ ಮಕ್ಕಳನ್ನು ಆರಿಸುತ್ತಿಲ್ಲ, ಸೋಸಿ ಮಾರುತ್ತಿದೆ.

ಆ ತರಗತಿಯೊಳಗೆ ಕಾಲಿಡುವ ಮೊದಲು, ಅದೇ ರಸ್ತೆಯ ಪಕ್ಕದ ಕೇರಿಯಲ್ಲಿರುವ ಸುಮಿತ್ರಾಬಾಯಿಯವರ ಮನೆಗೆ ಹೋದೆ. ಈಗ ಅವರು ಮನೆಯ ಪಡಸಾಲೆಯಲ್ಲೇ ಕೇರಿಯ ಮಕ್ಕಳಿಗೆ ಹೇಳಿಕೊಡುತ್ತಾರೆ. ಇಂದಿಗೂ ಹಿಂದೆಯೇ ಕೂರುತ್ತಾರೆ. ಶೇಂಗಾ ಚಟ್ನಿ, ಕಡಕ್ ಭಾಕರಿ ಕೊಟ್ಟರು. ನನ್ನ ಷರತ್ತನ್ನು ಕೇಳಿ, "ಬರೋಬರ್ ಐತಿ, ಬಿಡಬ್ಯಾಡ," ಎಂದರು. ಬಸ್ಸಿನ ಕಂಡಕ್ಟರನ ಪ್ರಶ್ನೆಯನ್ನೂ ಆ ಹಿರಿಯರ ಮೌನವನ್ನೂ ಹೇಳಿದೆ. ನಕ್ಕರು. ಇಷ್ಟು ವರ್ಷ ತಡೆದುಕೊಂಡಿದ್ದನ್ನು ಆಗ ಕೇಳಿಯೇಬಿಟ್ಟೆ.

"ಬಾಯೀ, ಅವತ್ತ ಬೀರಪ್ಪನವರು ಎಷ್ಟು ಅಂದಿದ್ರು?"

ಸುಮಿತ್ರಾಬಾಯಿ ಕನ್ನಡಕವನ್ನು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ನೆಟ್ಟಗೆ ನೋಡಿದರು.

"ಭಾಳ ಅದಾವು," ಎಂದರು.